ದೊಡ್ಡ ಟೀವೀಲಿ ಕಂಡ ಬಾಗಿಲು

ಕರಿಯಪ್ಪ ಮಾವ,

ಮನೆಗೆ ದೊಡ್ಡ ಟೀವಿ ತಂದ್ವಿ. ಹಳೇ ಡಿವಿಡಿ ಪ್ಲೇಯರ್ ವೈರು ಇದಕ್ಕೆ ಕೂರಲಿಲ್ಲ ಅಂತ ನಮ್ಮೋರು ಕನಕಪುರದಿಂದ ಹೊಸ ಪ್ಲೇಯರೂ ತಂದ್ರು. ಮೊದಲು ಹಾಕಿದ್ದು ನನ್ನ ಮದುವೆ ಸೀಡಿ.

ಹಸೆಮಣೆಗೆ ಕೈ ಹಿಡ್ದು ಕರ್ಕೊಂಡೋಗಬೇಕಾದ ಸೋದರಮಾವನೇ ಬರಲಿಲ್ಲ ಅಂತ ಹನ್ನೆರಡು ವರ್ಷ ನಿನ್ನ ಮಾತಾಡಿಸ್ಲಿಲ್ಲ. ಹೋದ ವರ್ಷ ನೀನು ತೀರಿಕೊಂಡಾಗ್ಲೂ ನಿನ್ನೂರು ಉಯ್ಯಂಬಳ್ಳಿ ಕಡೆ ತಲೆ ಹಾಕ್ಲಿಲ್ಲ.

ಹಳೇ ಸಣ್ಣ ಟೀವೀಲಿ ಛತ್ರದ ಬಾಗಿಲು ಬರೀ ಕಪ್ಪಗೆ ಕಾಣ್ತಿತ್ತು. ಇದರಲ್ಲಿ ನೋಡ್ತೀನಿ, ಅಲ್ಲಿ ನೀನು ನಿಂತಿದ್ದೀಯ. ಹೊಸ ಪಂಚೆ ಉಟ್ಕೊಂಡು, ಚಪ್ಪಲಿ ಹೊರಗೆ ಬುಟ್ಟು, ಯಾರಾದ್ರೂ ಕರೀತಾರೇನೋ ಅಂತ ಒಳಕ್ಕೇ ನೋಡ್ತಾ ಇದ್ದೀಯ. ನಮ್ಮಪ್ಪ ಎರಡು ಸಲ ನಿನ್ನ ಮುಂದೇನೇ ಹಾದುಹೋದ. ಬಾ ಅನ್ನಲಿಲ್ಲ.

ಅಲ್ಲಿಗೇ ನಿಲ್ಲಿಸಿದ್ದೀನಿ. ಟೀವಿ ಆರಿಸಕ್ಕೆ ಕೈ ಬತ್ತಿಲ್ಲ, ಮಾವ.