ಆಟ ಬಿಡು ಎನ್ನದ ಡಾಕ್ಟರು

ಅಪ್ಪಾ,

ನೀನು ತೀರಿಹೋಗಿದ್ದರೂ ನಿನಗೇ ಬರೆಯುತ್ತಿದ್ದೇನೆ. ಈ ಡಾಕ್ಟರ ದೊಡ್ಡತನ ತಿಳಿಯುವುದು ನಿನಗೊಬ್ಬನಿಗೇ.

ಕಬಡ್ಡಿಯಲ್ಲಿ ಮೊಣಕಾಲು ಉಳುಕಿತ್ತು. ಇವತ್ತು ದುರ್ಗದಲ್ಲಿ ಆಟಗಾರರನ್ನೇ ನೋಡುವ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಮೊದಲು ಕಾಲು ಮುಟ್ಟಲೇ ಇಲ್ಲ. ಕುರಿ ಕುಂಟಿದರೆ ನೀನು ರೊಪ್ಪದ ಮುಂದೆ ನಡೆಸಿ ನೋಡುತ್ತಿದ್ದೆಯಲ್ಲ, ಹಾಗೇ ನನ್ನನ್ನು ನಡೆಸಿ, ರೈಡಿಗೆ ಹೋಗುವಂತೆ ಬಗ್ಗಿಸಿ ನೋಡಿದರು. ನೋವು ಮೊಣಕಾಲಿನಲ್ಲಿದ್ದರೂ ಬಲ ಸಾಲದಿರುವುದು ತೊಡೆಗೆ ಎಂದು ತಿಳಿಸಿ, ವ್ಯಾಯಾಮ ಕಲಿಸಿದರು.

“ಆಟ ಬಿಡೋದೇನೂ ಬ್ಯಾಡಮ್ಮ. ತೊಡೆ ಗಟ್ಟಿ ಮಾಡ್ಕಂಡು ಆಡು” ಎಂದರು.

ಹೊರಡುವಾಗ, “ಮನೇಲಿ ಇನ್ಯಾರಾದ್ರೂ ಆಡ್ತಿದ್ರಾ?” ಎಂದು ಕೇಳಿದರು.

“ನಮ್ಮಪ್ಪ ಆಡ್ತಿದ್ದ ಸಾರ್.”

“ಎಷ್ಟು ವರ್ಷ ಆಡಿದ್ರು?”

“ಮೊಣಕಾಲು ನೋಯೋ ತಂಕ” ಎಂದೆ.