ಹೊಲಿಗೆ ನಿಲ್ಲದ ಜಾಗ

ಜೂನ್ ೨೧, ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ,

ನೀನು ತಲುಪಿದ ಸುದ್ದಿಯನ್ನು ಚಿಕ್ಕಮ್ಮ ಹೇಳಿದಳು. ನನಗೆ ನೀನು ಫೋನ್ ಮಾಡಲಿಲ್ಲ. ಮಾಡಿದ್ದರೂ ಇಬ್ಬರೂ "ಊಟ ಆಯ್ತಾ" ಎಂದು ಕೇಳಿ ಸುಮ್ಮನಾಗುತ್ತಿದ್ದೆವು. ಅದಕ್ಕೇ ಕಾಗದ.

ಅಪ್ಪನನ್ನು ಕಳಿಸಿಕೊಟ್ಟು ಮನೆಗೆ ಬಂದ ದಿನ, ಎಲ್ಲರೆದುರು ನೀನು ಕೇಳಿದೆ: "ಎದೆನೋವು ಅಂದ್ಮೇಲೆ ಯಾಕಮ್ಮ ಅಷ್ಟು ತಡ ಮಾಡ್ದೆ?" ಉತ್ತರ ಬಾಯಿಯ ತನಕ ಬಂದಿತ್ತು. ನುಂಗಿಕೊಂಡು ಲೋಟ ತೊಳೆಯಲು ಒಳಗೆ ಹೋದೆ. ಈಗ ಹೇಳುತ್ತೇನೆ, ಕೇಳು.

ಆ ಸೋಮವಾರ ಅಪ್ಪ ಡ್ಯೂಟಿ ಮುಗಿಸಿ ಬಂದು, ಏಳೂವರೆಗೆಲ್ಲ ಊಟ ಮಾಡಿದರು. ನಾನು ಹೊಲಿಗೆ ಮೆಷಿನ್ ಮುಂದೆ ಕೂತಿದ್ದೆ. ಶಾಲೆಯ ಯೂನಿಫಾರ್ಮು ನಲವತ್ತೆರಡು ಜೊತೆ, ಬೆಳಿಗ್ಗೆ ಕೊಡಬೇಕು. ಹದಿನೈದಕ್ಕೆ ಇನ್ನೂ ಕಾಲರೇ ಕೂರಿಸಿರಲಿಲ್ಲ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಎದೆ ಹಿಂಡಿದ ಹಾಗಾಗುತ್ತಿದೆ, ದವಡೆಯವರೆಗೂ ಎಳೆಯುತ್ತಿದೆ ಎಂದರು. "ಒಂದ್ಸಲ ಆಸ್ಪತ್ರೆಗೆ ಹೋಗಿ ಬರೋಣ್ವಾ?" ಎಂದು ಕೇಳಿದರು.

ಸೂಜಿಯಿಂದ ಕಣ್ಣು ಕೀಳದೆ ನಾನು ಅಂದೆ: "ಗ್ಯಾಸ್ ಇರುತ್ತೆ, ಮಾತ್ರೆ ನುಂಗಿ ಮಲಗಿ. ಇಷ್ಟು ಕೆಲಸ ಬಿಟ್ಟು ಅಲ್ಲಿ ಹೋಗಿ ಕೂರೋಕಾಗುತ್ತಾ?"

ಹೋಗಿ ಮಲಗಿದರು. ನಿಮ್ಮಪ್ಪ ಎರಡನೇ ಸಲ ಕೇಳುವ ಪೈಕಿ ಅಲ್ಲ, ನಿನಗೆ ಗೊತ್ತಲ್ಲ.

ಬೆಳಿಗ್ಗೆ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. "ಸ್ವಲ್ಪ ಭಾರ, ಅಷ್ಟೇ" ಎನ್ನುತ್ತ ಡ್ಯೂಟಿಗೆ ಹೊರಟರು. ಹನ್ನೊಂದೂವರೆಗೆ, ಜನ ಕಿಕ್ಕಿರಿದಿದ್ದ ಬಸ್ಸನ್ನು ರಸ್ತೆಯ ಅಂಚಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಆಮೇಲೆ ಕಂಡಕ್ಟರನ ಕಡೆ ತಿರುಗಿ "ನಂಗಾಗ್ತಿಲ್ಲ" ಎಂದರಂತೆ. ಆ ಕಂಡಕ್ಟರ್ ನನಗೆ ಇದನ್ನು ಹೇಳುವಾಗ ಮಗುವಿನಂತೆ ಅತ್ತ.

ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರನ್ನು ಒಳಗೆ ಕರೆದೊಯ್ಯುತ್ತಿದ್ದರು. ನೋವು ಯಾವಾಗಿನಿಂದ ಎಂದು ಡಾಕ್ಟರ್ ಕೇಳಿದರು. "ಇವತ್ತು ಬೆಳಿಗ್ಗೆಯಿಂದ" ಎಂದೆ. ಸ್ಟ್ರೆಚರ್ ಮೇಲಿದ್ದ ಅಪ್ಪ ನನ್ನನ್ನು ನೋಡಿದರು. ಮಣಿಕಟ್ಟಿನಿಂದ ತಂತಿ ತೂರಿಸಿ, ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿ ಸ್ಟೆಂಟ್ ಇಟ್ಟರು. ಚೆನ್ನಾಗಿ ಆಯಿತು ಎಂದರು. ಮಾರನೆಯ ದಿನ ಅಪ್ಪ ನರ್ಸಿಗೆ, "ಇಪ್ಪತ್ತಾರು ವರ್ಷದಲ್ಲಿ ಸ್ಟಾಪ್ ಇಲ್ಲದ ಕಡೆ ಬಸ್ ನಿಲ್ಸಿದ್ದು ಇದೇ ಮೊದಲು ಕಣಮ್ಮ" ಎಂದು ನಗಿಸುತ್ತಿದ್ದರು. ಅವಳು ಆಚೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದು, "ನಾನೂ ಬೆಳಿಗ್ಗೆಯಿಂದ ಅಂತಲೇ ಹೇಳಿದೀನಿ. ಇಬ್ಬರ ಮಾತೂ ಒಂದೇ ಇರ್ಲಿ" ಎಂದರು.

ಶುಕ್ರವಾರ ಅವರ ಮುಖ ಒರೆಸುತ್ತಿದ್ದೆ. ಇದ್ದಕ್ಕಿದ್ದಂತೆ ಉಸಿರು ಸಿಗದೆ ನನ್ನ ತೋಳು ಹಿಡಿದು ಎದ್ದು ಕೂತರು. ಡಾಕ್ಟರ್ ಓಡಿ ಬಂದು ಎದೆಗೆ ಕಿವಿಗೊಟ್ಟರು. ಹಿಂದಿನ ದಿನ ಇಲ್ಲದ ಸದ್ದೊಂದು ಅಲ್ಲಿತ್ತು. ಸ್ಕ್ಯಾನ್ ಮಾಡಿದರೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ಹರಿದಿತ್ತು. ಆಪರೇಷನ್ ಮಾಡುವ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದರು: ತುಂಬ ಹೊತ್ತು ರಕ್ತ ಸಿಗದೆ ಸತ್ತ ಜಾಗ ಮೆತ್ತಗಾಗಿ ಹರಿಯುತ್ತದೆ, ನಾಳ ತೆರೆದರೂ ಆ ಜಾಗ ಬದುಕುವುದಿಲ್ಲ. ತೊಡೆಯ ಮೂಲಕ ಬಲೂನ್ ಇಟ್ಟು ಹೃದಯಕ್ಕೆ ಆಸರೆ ಕೊಡುತ್ತೇವೆ. ಒಂದು ವಾರ ತಡೆದರೆ ಅಂಚು ಗಟ್ಟಿಯಾಗುತ್ತದೆ, ಆಗ ತೇಪೆ ಹಾಕಬಹುದು. ಈಗಲೇ ಹಾಕಿದರೆ ಹೊಲಿಗೆ ನಿಲ್ಲುವುದಿಲ್ಲ. "ಅರ್ಥ ಆಯ್ತಾಮ್ಮ?" ಎಂದರು.

ನನಗೆ ಅರ್ಥವಾಗದೇನು? ಹಳತಾಗಿ ಪಿಸಿದ ಬಟ್ಟೆಗೆ ಸೂಜಿ ಚುಚ್ಚಿದಲ್ಲೆಲ್ಲ ಹೊಸ ತೂತು. ಮೂವತ್ತು ವರ್ಷದಿಂದ ಗಿರಾಕಿಗಳಿಗೆ ಇದನ್ನೇ ಹೇಳಿ ವಾಪಸ್ ಕಳಿಸಿದ್ದೇನೆ. ಆಗ ಡಾಕ್ಟರಮ್ಮನಿಗೆ ನಿಜ ಹೇಳಿಬಿಟ್ಟೆ, ನೋವು ಸೋಮವಾರ ಸಂಜೆಯಿಂದ ಇತ್ತು ಎಂದು. ಅವರು ಬೈಯಲಿಲ್ಲ. "ಮೊದಲ ದಿನ ಇಸಿಜಿ ನೋಡಿದಾಗಲೇ ನಮಗೆ ಗೊತ್ತಾಗಿತ್ತು. ನಿಮ್ಮ ಮಾತಿನಿಂದ ಚಿಕಿತ್ಸೆ ಏನೂ ಬದಲಾಗ್ಲಿಲ್ಲ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ವಾರ ಎಲ್ಲಿ ಸಿಕ್ಕಿತು? ಎರಡೇ ದಿನ. ಭಾನುವಾರ ಬೆಳಿಗ್ಗೆ ರಕ್ತದೊತ್ತಡ ಕುಸಿಯಿತು, ಮೂತ್ರ ನಿಂತಿತು. ಇನ್ನು ಕಾಯುವ ಹಾಗಿಲ್ಲ, ಆಪರೇಷನ್ ಮಾಡಿದರೂ ಉಳಿಯುವುದು ಕಷ್ಟ ಎಂದರು. ಸಹಿ ಮಾಡಿದೆ. ಕರೆದೊಯ್ಯುವ ಮುಂಚೆ ಅಪ್ಪ ಮಾಸ್ಕ್ ಸರಿಸಿ ಏನೋ ಅಂದರು. ಬಗ್ಗಿದೆ. "ಯೂನಿಫಾರ್ಮ್ ಕೊಟ್ಟು ಬಂದ್ಯಾ?"

"ಕೊಟ್ಟೆ" ಎಂದೆ. ಆ ಹದಿನೈದರಲ್ಲಿ ಏಳು ಅಂಗಿ ಇವತ್ತಿಗೂ ಕಾಲರಿಲ್ಲದೆ ಬುಟ್ಟಿಯಲ್ಲಿವೆ.

ತೇಪೆ ಹಾಕಿದರು, ಹೊಲಿಗೆ ಹಿಡಿಯಲಿಲ್ಲ. ಮಧ್ಯಾಹ್ನ ಮೂರಕ್ಕೆ ಡಾಕ್ಟರಮ್ಮ ಟೋಪಿ ಕೈಯಲ್ಲಿ ಹಿಡಿದು ಹೊರಗೆ ಬಂದರು. ನಿನ್ನ ರೈಲು ಆಗ ಇನ್ನೂ ದಾರಿಯಲ್ಲಿತ್ತು.

ತಡ ಮಾಡಿದ್ದು ನಾನು. ಇದನ್ನು ನೀನು ಯಾರಿಗೆ ಬೇಕಾದರೂ ಹೇಳು. ನನ್ನನ್ನು ಕ್ಷಮಿಸು ಎಂದು ಕೇಳುತ್ತಿಲ್ಲ. ಬೈಯಬೇಕು ಅನ್ನಿಸಿದರೆ ಮನೆಗೆ ಬಂದೇ ಬೈಯಿ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ

ಮರೆತ ಮಾತು: ಅಪ್ಪನ ಫೋನ್ ನನ್ನ ಹತ್ತಿರ ಇದೆ. ಆ ಸೋಮವಾರ ಆರೂವರೆಗೆ ನಿನಗೆ ಎರಡು ಸಲ ಮಾಡಿದ್ದಾರೆ, ನೀನು ಎತ್ತಿಲ್ಲ. ಅದನ್ನೇ ನೆನೆದು ನೀನು ಕೊರಗುತ್ತಿದ್ದೀಯ ಎಂದು ನನಗೆ ಗೊತ್ತು ಮಗಳೇ. ನನ್ನ ಮೇಲೆ ಹಾಗೆ ಎಗರಿದಾಗಲೇ ಗೊತ್ತಾಯಿತು. ಆಗ ಅವರಿಗೆ ನೋವು ಇರಲಿಲ್ಲ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡುವುದು ಹೇಗೆ ಎಂದು ಕೇಳಬೇಕಿತ್ತಂತೆ. ನಾನು ಪಕ್ಕದಲ್ಲೇ ಇದ್ದೆ. ಇದೇ ನಿಜ, ನಂಬು.