ಬಲಗಿವಿಯ ಗುರುತು

ಜನವರಿ 6, ಸೋಮವಾರ. ಬೆಳಿಗ್ಗೆ 6.30

ಕುರಿ ರೊಪ್ಪದ ಬಾಗಿಲು ತೆಗೆಯುವ ಮುಂಚೆ ಎರಡು ಸಾಲು. ಇನ್ನೊಂದು ಮರಿ ಹುಟ್ಟಿದೆ. ನೆಟ್ಟಗೆ ನಿಲ್ಲಲು ಬರುವುದಿಲ್ಲ, ಆಗಲೇ ಮೊಲೆಗೆ ಜಗಳ. ಅಪ್ಪನ ಬಲಗೈ ಇನ್ನೂ ಪ್ಲಾಸ್ಟರಿನಲ್ಲಿ. ಕೈ ಮುರಿದ ದಿನದಿಂದ ಎಂಬತ್ತು ಕುರಿ ಮೇಯಿಸುತ್ತಿರುವವಳು ನಾನೊಬ್ಬಳೇ. ಊರ ಬಾಯಲ್ಲಿ ಮಾತ್ರ ಅಪ್ಪನ ಹೆಸರೇ — ‘ಯತ್ತಪ್ಪನ ಕುರಿ’.

ಬಿ.ಕಾಂ. ಮುಗಿಸಿ ತುಮಕೂರಿನಲ್ಲಿ ಎರಡು ವರ್ಷ ಕಂಪ್ಯೂಟರ್ ಮುಂದೆ ಕೂತೆ. ದಿನಾ ತಲೆನೋವು. ಬಿಟ್ಟು ಬಂದೆ. ಪಕ್ಕದ ಮನೆ ಅಶ್ವತ್ಥಮ್ಮನಿಗೆ ಅದು ಇನ್ನೂ ಜೀರ್ಣವಾಗಿಲ್ಲ — “ಅಷ್ಟು ಓದ್ಬುಟ್ಟು ಕುರಿ ಹಿಂದೆ ಹೊಂಟ್ಲು ಯಶೋದ!” ಹಿಂದೆ ಅಲ್ಲ ತಾಯಿ. ಮುಂದೆ ನಾನು, ಹಿಂದೆ ಅವು.

ಜನವರಿ 9, ಗುರುವಾರ

ಭಾನುವಾರ ಗಂಡಿನವರು ಬರುತ್ತಾರಂತೆ, ಪುರವರದಿಂದ. ಅವ್ವನ ಅಪ್ಪಣೆ: “ಆಫೀಸ್‌ನಾಗೆ ಅವ್ಳೆ ಅಂತ ಹೇಳಿವ್ನಿ ಕಣಮ್ಮಿ. ಅವತ್ತೊಂದಿನ ಬಾಯ್ ಮುಚ್ಕೊಂಡಿರು.” ಮೂರು ತಲೆಮಾರು ಕುರಿಯಿಂದಲೇ ಅನ್ನ ತಿಂದ ಮನೆ. ಈಗ ಕುರಿ ಅನ್ನಲು ನಾಚಿಕೆ. ಅದೂ ಮಗಳು ಕಾಯ್ದರೆ ಮಾತ್ರ!

ಮರಿಗಳ ಕಿವಿಗೆ ಇನ್ನೂ ಗುರುತು ಹಾಕಿಲ್ಲ. ಒಂದೊಂದು ಮನೆಗೆ ಒಂದೊಂದು ಗುರುತು — ನಮ್ಮದು ಎಡಗಿವಿಗೆ ಎರಡು ಕಚ್ಚು. ಹಿಂಡುಗಳು ಬೆರೆತರೆ ಅದೇ ಸಾಕ್ಷಿ. ನಾನೇ ಹಾಕುತ್ತೇನೆ ಅಂದೆ. ಅಪ್ಪ ತಲೆ ಎತ್ತಲಿಲ್ಲ. “ಗಂಡುಮಕ್ಳು ಹಾಕೋ ಗುರುತು ಅದು. ನೀನು ನಾಳೆ ಬ್ಯಾರೆ ಗುರುತಿನ ಮನೆಗೆ ಹೋಗೋಳು. ಸೋಮವಾರ ಸುನಿಲ ಹಾಕ್ಲಿ. ಅವ್ನ ಕೈಲಾಗ್ನಿಲ್ಲ ಅಂದ್ರೆ ಹಿಂಡೆಲ್ಲಾ ಮಾರ್ಬುಡಾನ.”

ಮಾರುವುದಾ? ತಮ್ಮ ಸುನಿಲ್‌ಕುಮಾರ್ ಶಿರಾದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ರಕ್ತ ಕಂಡರೆ ಕಣ್ಣು ಕತ್ತಲೆ. ಪಾಪ, ಅವನಿಗೂ ಗಂಡಸಾಗಿರುವುದೇ ಒಂದು ಡ್ಯೂಟಿ.

ಜನವರಿ 12, ಭಾನುವಾರ. ಸಂಜೆ 4

ಬಂದರು, ಹೋದರು. ಹುಡುಗ ಅಂಜನ್ ಕುಮಾರ್, ಯಾವುದೋ ಫ್ಯಾಕ್ಟರಿಯ ಸೂಪರ್‌ವೈಸರ್. ಅವನಪ್ಪ ನನ್ನ ಆಫೀಸಿನ ಬಗ್ಗೆ ಕೇಳಿದರು. “ಆಫೀಸ್ ಬುಟ್ಟು ವರ್ಷ ಆತು. ಕುರಿ ಮೇಯಿಸ್ತೀನಿ” ಅಂದೆ. ಅವ್ವನ ಮುಖ ನೋಡಲಿಲ್ಲ. ಅಷ್ಟು ಧೈರ್ಯ ಇರಲಿಲ್ಲ.

ಹುಡುಗ ನಕ್ಕ. “ಮದ್ವೆ ಆದ್ಮೇಲೆ ಬುಡ್ತೀರಲ್ಲ?”

“ನೀವು ಫ್ಯಾಕ್ಟರಿ ಬುಡ್ತೀರಾ?”

ಉಪ್ಪಿಟ್ಟು ಪ್ಲೇಟಿನಲ್ಲೇ ಉಳಿಯಿತು. ಅವ್ವ ಅಳುತ್ತಿದ್ದಾಳೆ. ಅದಕ್ಕೆ ಬೇಜಾರು. ಹೇಳಿದ್ದಕ್ಕಲ್ಲ.

ಜನವರಿ 13, ಸೋಮವಾರ. 10.45

ಬೆರಳಿಗೆಲ್ಲ ಅರಿಶಿನ ಮೆತ್ತಿದೆ, ಪುಟಕ್ಕೂ ಹತ್ತುತ್ತಿದೆ. ಇರಲಿ.

ಸುನಿಲ ಕತ್ತರಿ ಹಿಡಿದ. ಮೊದಲ ಮರಿಯ ಕಿವಿಯಲ್ಲಿ ಒಂದು ಹನಿ ರಕ್ತ... ಕುಸಿದು ಕೂತ. “ಅಪ್ಪಾ, ನಂಗಾಗಲ್ಲ. ಅಕ್ಕಂಗೆ ಬುಡು.”

“ಹಂಗಾದ್ರೆ ಸಂತೆಗೇ ಹೊಡ್ಕೊಂಡೋಗಾದು” ಅಂದ ಅಪ್ಪ.

ಕತ್ತರಿ ಕಿತ್ತುಕೊಂಡೆ. “ಮುಟ್ಬ್ಯಾಡ ಕಣಮ್ಮಿ!” ಅಪ್ಪ ಕೂಗಿದ. ಮುಟ್ಟಿದೆ. ಇನ್ನೊಂದು ಮರಿ ಎಳೆದುಕೊಂಡು ಹಾಕಿದೆ ಎರಡು ಕಚ್ಚು — ಬಲಗಿವಿಗೆ.

“ಲೇ, ನಮ್ದು ಎಡಗಿವಿ!”

“ಗೊತ್ತು ಕಣಪ್ಪ. ಬ್ಯಾರೆ ಗುರುತಿನೋಳು ಅಂದ್ಯಲ್ಲ. ಇದು ನನ್ ಗುರುತು. ಯಾವ ಗಂಡನ ಮನೇದೂ ಅಲ್ಲ.”

ಅಪ್ಪ ಎದ್ದು ಹೋದ. ಸುನಿಲ ಕಣ್ಣು ಮುಚ್ಚಿಕೊಂಡೇ ಒಂದೊಂದು ಮರಿ ಹಿಡಿದುಕೊಟ್ಟ. ನಾನು ಕತ್ತರಿಸಿದೆ, ಅರಿಶಿನ ಹಚ್ಚಿದೆ. ಇಪ್ಪತ್ತರ ತನಕ ಹೀಗೇ. ಇಪ್ಪತ್ತೊಂದನೆಯದನ್ನು ಕಂಕುಳಲ್ಲಿ ಅದುಮಿಕೊಂಡು ತಂದವನು ಅಪ್ಪ, ಒಂದೇ ಕೈಯಲ್ಲಿ. ಕುಕ್ಕರುಗಾಲಲ್ಲಿ ಕೂತ. ಅದರ ಬಲಗಿವಿ ನನ್ನ ಕಡೆ ತಿರುಗಿಸಿ ಹಿಡಿದ.

“ಬ್ಯಾಗ ಮುಗ್ಸು. ಬಿಸ್ಲೇರ್ತು, ಮೇಯಕ್ಕೆ ಬುಡ್ಬೇಕು.”

ಅಳು ಬಂತು. ಅವನ ಮುಂದೆ ಅಳುವುದೇ? ನೀರು ಕುಡಿಯುವ ನೆಪ ಹೇಳಿ ಒಳಗೆ ಓಡಿ ಬಂದು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಇಬ್ಬರೂ ನನ್ನನ್ನು ಕೂಗುತ್ತಿದ್ದಾರೆ. ಇನ್ನೂ ಹದಿನೈದು ಮರಿ ಇವೆ, ಆಮೇಲೆ —